ಫೋನಿನ ಲೆಕ್ಕದ ಪುಸ್ತಕ

ನಮ್ಮ ಮನೆಯ ಗೋಡೆ ಕಪಾಟಿನಲ್ಲಿ ನೀಲಿ ರಟ್ಟಿನ ಉದ್ದನೆಯ ಪುಸ್ತಕವೊಂದಿದೆ. ಹಾಲಿನ ಲೆಕ್ಕ, ಪೇಪರಿನ ಲೆಕ್ಕ, ಇಸ್ತ್ರಿ ಬಟ್ಟೆಯ ಲೆಕ್ಕ ಬರೆಯುವ ಪುಸ್ತಕಗಳ ಪಕ್ಕದಲ್ಲಿ ಅದಕ್ಕೂ ಒಂದು ಜಾಗ. ಮೇಲೆ ಗುಂಡಗಿನ ಅಕ್ಷರಗಳಲ್ಲಿ 'ಫೋನಿನ ಲೆಕ್ಕ' ಎಂದು ಬರೆದಿದೆ. ಬರೆದವರು ನಮ್ಮವರು. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದ ಅವರಿಗೆ ನಾಲ್ಕು ಕಾಲಂ ಎಳೆಯದೆ ಯಾವ ವಿಷಯವೂ ಅರ್ಥವಾಗುವುದಿಲ್ಲ. ತಾರೀಕು, ನಿಮಿಷ, ಹಣ, ಷರಾ. 1999ರಲ್ಲಿ ಮಗಳು ಇಂಜಿನಿಯರಿಂಗ್ ಓದಲು ಸಾಗರ ಬಿಟ್ಟು ಬೆಂಗಳೂರಿಗೆ ಹೋದಾಗ ಶುರುವಾದ ಪುಸ್ತಕ ಅದು.

ಅದನ್ನು ಮತ್ತೆ ತೆಗೆದು ಓದಲು ಒಂದು ಕಾರಣ ಒದಗಿತು. 2025ರ ಮೇ 5ರಂದು ಸ್ಕೈಪ್ ಎಂಬುದನ್ನು ಮುಚ್ಚಿಬಿಟ್ಟರು. ಎಲ್ಲಿಯದೋ ಕಂಪನಿಯ ತಂತ್ರಾಂಶವೊಂದು ನಿಂತುಹೋಯಿತೆಂದು ಸಾಗರದ ಹೆಂಗಸೊಬ್ಬಳು ಬೇಸರಪಟ್ಟಳು ಎಂದರೆ ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಪೂರ್ತಿ ಕೇಳಿದ ಮೇಲೆ ನಗಿ.

ನಾನು ಮದುವೆಯಾಗಿ ಈ ಊರಿಗೆ ಬಂದದ್ದು 1979ರಲ್ಲಿ. ಆಗ ನಮ್ಮ ಬೀದಿಗೆಲ್ಲ ಒಂದೇ ಫೋನು, ಅಡಿಕೆ ಮಂಡಿಯವರ ಮನೆಯದು. ಬೀದಿಯಲ್ಲಿ ಯಾರ ಮನೆಯ ಮದುವೆ ಕಾಗದ ಅಚ್ಚಾದರೂ ವಿಳಾಸದ ಕೆಳಗೆ ಅದೇ ನಂಬರು, ಪಕ್ಕದಲ್ಲಿ 'ಪಿ.ಪಿ.' ಎಂಬ ಎರಡಕ್ಷರ. ಫೋನು ಬಂದರೆ ಮಂಡಿಯವರ ಹುಡುಗ ಓಡಿಬಂದು ಬೇಲಿಯಾಚೆಯಿಂದ ಕೂಗುತ್ತಿದ್ದ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಓಡಬೇಕು. ನಾವು ಮಾತಾಡುತ್ತಿದ್ದರೆ ಆ ಮನೆಯವರು ಕೇಳಿಸದವರಂತೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. 1983ರಲ್ಲಿ ನನ್ನ ಅಪ್ಪ ತೀರಿಕೊಂಡ ಸುದ್ದಿ ಬಂದದ್ದೂ ಅಲ್ಲಿಗೇ, ಟ್ರಂಕ್ ಕಾಲಿನಲ್ಲಿ. ಅಣ್ಣ 'ಅಪ್ಪ' ಎಂದದ್ದು ಕೇಳಿಸಿತು. ಮುಂದಿನದೆಲ್ಲ ಬರೀ ಗೊರಗೊರ. ಕೇಳಿಸದೆ ಉಳಿದದ್ದನ್ನು ನಾನೇ ತುಂಬಿಕೊಂಡೆ. ಮಂಡಿಯವರ ಮನೆಯಾಕೆ ಏನನ್ನೂ ಕೇಳದೆ ನನ್ನ ಕೈ ಹಿಡಿದುಕೊಂಡು ಮನೆಯವರೆಗೆ ಬಂದು ಬಿಟ್ಟುಹೋದರು.

ಮಗಳು ಬೆಂಗಳೂರಿಗೆ ಹೋಗುವ ಹೊತ್ತಿಗೆ ನಮ್ಮ ಮನೆಗೂ ಫೋನು ಬಂದಿತ್ತು. ಆದರೆ ಅವಳು ಮಾತಾಡಬೇಕಾದರೆ ಹಾಸ್ಟೆಲಿನ ಎದುರಿನ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿಗೇ ಹೋಗಬೇಕು. ರಾತ್ರಿ ಹನ್ನೊಂದರ ಮೇಲೆ ಕಾಲು ದರ ಎಂದು ನಾವಿಬ್ಬರೂ ತೂಕಡಿಸುತ್ತ ಕಾಯುವುದು. ಬೂತಿನೊಳಗೆ ಕೆಂಪು ಅಂಕಿಗಳು ಓಡುತ್ತಿದ್ದಂತೆ ಅವಳ ಮಾತೂ ಓಡುವುದು. "ಚೆನ್ನಾಗಿದೀನಿ, ಪರೀಕ್ಷೆ ಆಯ್ತು, ದುಡ್ಡು ಬಂತು, ಇಡ್ತೀನಿ." ಅವಳು ಅತ್ತಿದ್ದಾಳೋ ನಕ್ಕಿದ್ದಾಳೋ ತಿಳಿಯುವಷ್ಟರಲ್ಲಿ ಟಕ್ ಎಂದು ಇಟ್ಟಾಗಿರುತ್ತಿತ್ತು. ನಮ್ಮವರ ಪುಸ್ತಕದಲ್ಲಿ ಆ ವರ್ಷಗಳ ನಿಮಿಷದ ಕಾಲಂನಲ್ಲಿ ಬರೀ ಎರಡು, ಮೂರು, ಎರಡು, ಎರಡು.

2005ರಲ್ಲಿ ಮದುವೆಯಾಗಿ ಅವಳು ಅಮೆರಿಕದ ನ್ಯೂಜೆರ್ಸಿಗೆ ಹೋದಳು. ಅಲ್ಲಿಂದ ಕಾರ್ಡು ಕೊಂಡು, ಅದರ ಮೇಲಿನ ನಂಬರನ್ನು ಕೆರೆದು ತೆಗೆದು, ಮೂವತ್ತು ಅಂಕಿ ಒತ್ತಿ ಮಾತಾಡುತ್ತಿದ್ದಳು. ಇಬ್ಬರೂ ಒಟ್ಟಿಗೇ ಮಾತು ಶುರುಮಾಡುವುದು, ಇಬ್ಬರೂ ಒಟ್ಟಿಗೇ ನಿಲ್ಲಿಸುವುದು, "ನೀನು ಹೇಳು", "ಇಲ್ಲಮ್ಮ, ನೀನೇ ಹೇಳು." ಅಷ್ಟರಲ್ಲಿ ಕಾರ್ಡು ಮುಗಿಯುವುದು.

ಹೀಗಿರುವಾಗ 2007ರಲ್ಲಿ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ಪಕ್ಕದ ಮನೆಯ ಹುಡುಗ ಕಂಪ್ಯೂಟರಿಗೆ ನಿಂಬೆಹಣ್ಣಿನ ಗಾತ್ರದ ಒಂದು ಕ್ಯಾಮೆರಾ ಸಿಕ್ಕಿಸಿ, ಸ್ಕೈಪ್ ಹಾಕಿಕೊಟ್ಟ. ಸರಿಯಾಗಿದೆಯೋ ಇಲ್ಲವೋ ನೋಡಲು ಅದರಲ್ಲೇ ಒಂದು ಪರೀಕ್ಷೆಯ ಕರೆ ಇತ್ತು. ಒಬ್ಬ ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತದೆ, ಪೀಂ ಎಂದಮೇಲೆ ನಾವು ಹತ್ತು ಸೆಕೆಂಡು ಮಾತಾಡಬೇಕು, ನಮ್ಮ ಮಾತೇ ನಮಗೆ ತಿರುಗಿ ಕೇಳಿಸುತ್ತದೆ. ನಮ್ಮ ಅತ್ತೆ, ಆಗ ಅವರಿಗೆ ಎಂಬತ್ತು, ಮೈಕಿನ ಹತ್ತಿರ ಬಾಗಿ "ಊಟ ಆಯ್ತೇನಮ್ಮಾ?" ಎಂದರು. ಆಚೆಯಿಂದಲೂ "ಊಟ ಆಯ್ತೇನಮ್ಮಾ?" ಎಂದೇ ಬಂತು. "ಇನ್ನೂ ಇಲ್ಲ" ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಪಾಪ, ಒಳ್ಳೆ ಹೆಂಗಸು, ದನಿಯೂ ನಮ್ಮ ಕಡೆಯವರದ್ದೇ" ಎಂದು ಮೆಚ್ಚಿದರು. ಅದು ಅವರದೇ ದನಿ ಎಂದು ಹೇಳಲು ನಮಗ್ಯಾರಿಗೂ ಮನಸ್ಸು ಬರಲಿಲ್ಲ.

ಮೊದಲ ಭಾನುವಾರ ಮಗಳ ಮುಖ ಬಂತು. ನಮಗೆ ರಾತ್ರಿ ಎಂಟು, ಅವಳ ಹಿಂದಿನ ಕಿಟಕಿಯಲ್ಲಿ ಬೆಳಗಿನ ಬಿಸಿಲು. ಅತ್ತೆ ಮಡಿಯಲ್ಲಿದ್ದಾಗ ಕ್ಯಾಮೆರಾ ಎದುರು ಕೂರಬಹುದೇ ಎಂಬ ದೊಡ್ಡ ಪ್ರಶ್ನೆ ಎದ್ದಿತು. ಅವರೇ ತೀರ್ಪನ್ನೂ ಕೊಟ್ಟರು. "ಮುಟ್ಟಿದ್ರೆ ತಾನೆ ಮೈಲಿಗೆ? ನೋಡಿದ್ರೆ ಏನಾಗತ್ತೆ?"

ಈ ಯಂತ್ರದ ಒಳಗುಟ್ಟೇನು ಎಂದು ಅಳಿಯನನ್ನು ಕೇಳಿ ತಿಳಿದುಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು, ಸುಮ್ಮನಿರಲಾಗಲಿಲ್ಲ. ಸ್ವೀಡನ್ನಿನ ನಿಕ್ಲಾಸ್ ಸೆನ್‌ಸ್ಟ್ರೋಮ್, ಡೆನ್ಮಾರ್ಕಿನ ಯಾನುಸ್ ಫ್ರೀಸ್ ಎಂಬಿಬ್ಬರು 2003ರ ಆಗಸ್ಟಿನಲ್ಲಿ ಇದನ್ನು ಜನರ ಮುಂದಿಟ್ಟರಂತೆ. ತಂತ್ರಾಂಶವನ್ನು ಬರೆದವರು ಎಸ್ಟೋನಿಯಾ ದೇಶದ ಹುಡುಗರು, ಆಹ್ತಿ ಹೈನ್ಲಾ, ಪ್ರೀಟ್ ಕಸೆಸಲು, ಯಾನ್ ತಾಲ್ಲಿನ್. ಎಸ್ಟೋನಿಯಾ 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡ ಪುಟ್ಟ ದೇಶ. ಜನ ಸುಮಾರು 13 ಲಕ್ಷ, ಎಂದರೆ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಕಡಿಮೆ. ಅಷ್ಟು ಸಣ್ಣ ಊರಿನವರು ಜಗತ್ತಿನ ಅಮ್ಮಂದಿರಿಗೆಲ್ಲ ಮಕ್ಕಳ ಮುಖ ತೋರಿಸಿದರಲ್ಲ ಎಂದು ನನಗೆ ಹೆಮ್ಮೆಯೇ ಆಯಿತು, ನನ್ನ ತವರಿನವರೋ ಎಂಬಂತೆ.

ಹಳೆಯ ಫೋನಿನಲ್ಲಿ ಇಬ್ಬರ ನಡುವೆ ಒಂದು ದಾರಿಯನ್ನು ಮಾತು ಮುಗಿಯುವವರೆಗೂ ಕಾದಿರಿಸಬೇಕು. ಅದಕ್ಕೇ ಅಷ್ಟು ದುಡ್ಡು. ಇದರಲ್ಲಿ ಹಾಗಲ್ಲ. ನಮ್ಮ ದನಿಯನ್ನು ಅಂಕಿಗಳಾಗಿ ಮಾಡಿ, ಸೆಕೆಂಡಿನ ಐವತ್ತರಲ್ಲೊಂದು ಪಾಲಿನಷ್ಟು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದಕ್ಕೂ ನಂಬರು ಹಾಕಿ ಇಂಟರ್‌ನೆಟ್ಟಿಗೆ ಬಿಡುತ್ತಾರೆ. ಒಂದು ಕಾಗದವನ್ನು ನೂರು ಕಾರ್ಡುಗಳಲ್ಲಿ ಬರೆದು ಅಂಚೆಗೆ ಹಾಕಿದ ಹಾಗೆ. ಅವು ಬೇರೆಬೇರೆ ದಾರಿಯಲ್ಲಿ ಹೋದರೂ ಆಚೆಯ ಯಂತ್ರ ನಂಬರಿನ ಪ್ರಕಾರ ಜೋಡಿಸುತ್ತದೆ. ತಡವಾಗಿ ಬಂದ ತುಂಡನ್ನು ಬಿಸಾಡುತ್ತದೆ, ಏಕೆಂದರೆ ಮಾತು ಕಾಯುವುದಿಲ್ಲ. ಬಾರದೆ ಹೋದ ಜಾಗವನ್ನು ಅಕ್ಕಪಕ್ಕದ ದನಿ ನೋಡಿ ಊಹೆಯಿಂದ ತುಂಬುತ್ತದೆ. ಇದನ್ನು ಕೇಳಿದಾಗ ನನಗೆ ಅಣ್ಣನ ಟ್ರಂಕ್ ಕಾಲು ನೆನಪಾಯಿತು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಮೊದಲ ವರ್ಷಗಳಲ್ಲಿ ಸ್ಕೈಪ್ ಕಂಪನಿ ಎಲ್ಲ ಕರೆಗಳನ್ನೂ ತನ್ನದೇ ದೊಡ್ಡ ಯಂತ್ರಗಳ ಮೂಲಕ ಸಾಗಿಸುತ್ತಿರಲಿಲ್ಲ. ಬಳಸುವವರ ಕಂಪ್ಯೂಟರುಗಳಲ್ಲೇ ಚೆನ್ನಾಗಿದ್ದ ಕೆಲವು, ಯಾರು ಎಲ್ಲಿದ್ದಾರೆ ಎಂಬ ವಿಳಾಸ ಇಟ್ಟುಕೊಳ್ಳುವುದು, ನೇರ ದಾರಿ ಇಲ್ಲದವರ ಮಾತನ್ನು ದಾಟಿಸುವುದು, ಈ ಕೆಲಸ ಮಾಡುತ್ತಿದ್ದವು. ನಮ್ಮ ಮಂಡಿಯವರ ಮನೆಯ ಪಿ.ಪಿ. ನಂಬರಲ್ಲದೆ ಮತ್ತೇನು ಇದು! ಒಂದೇ ವ್ಯತ್ಯಾಸ, ಮಾತು ಗುಪ್ತಲಿಪಿಯಲ್ಲಿ ಹೋಗುವುದರಿಂದ ಈ ನೆರೆಯವರಿಗೆ ಕೇಳಿಸುವುದಿಲ್ಲ. 2007ರ ಆಗಸ್ಟಿನಲ್ಲಿ ಲೋಕದ ಎಷ್ಟೋ ಕಂಪ್ಯೂಟರುಗಳು ಒಂದೇ ಹೊತ್ತಿಗೆ ಆರಿ ಹತ್ತಿದಾಗ, ಎರಡು ದಿನ ಸ್ಕೈಪ್ ಸರಿಯಾಗಿ ನಡೆಯಲಿಲ್ಲವಂತೆ. ಬೀದಿಯವರೆಲ್ಲ ಮಾರಿಜಾತ್ರೆಗೆ ಹೋದ ದಿನ ಸುದ್ದಿ ಮುಟ್ಟಿಸುವವರು ಯಾರು?

ದುಡ್ಡಿಲ್ಲದ ಮಾತು ಬಂದಮೇಲೆ ನಮ್ಮ ಮಾತೇ ಬದಲಾಯಿತು. ಕಂಪ್ಯೂಟರನ್ನು ಅಡಿಗೆಮನೆಯ ಬಾಗಿಲಿಗೆ ತಂದಿಟ್ಟೆವು. ನಾನು ಹುಳಿಗೆ ಒಗ್ಗರಣೆ ಹಾಕುವುದು, ಅವಳು ಅಲ್ಲಿ ಬಟ್ಟೆ ಮಡಿಸುವುದು. ಹತ್ತು ನಿಮಿಷ ಯಾರೂ ಮಾತಾಡದಿದ್ದರೂ ನಡೆಯುತ್ತಿತ್ತು. ಜೊತೆಗೆ ಇರುವುದೆಂದರೆ ಅದೇ ಅಲ್ಲವೇ? ನಮ್ಮವರು ಮಾತ್ರ ಪುಸ್ತಕ ಬಿಡಲಿಲ್ಲ. ನಿಮಿಷ 55, ಹಣ 0. ನಿಮಿಷ 72, ಹಣ 0. "ಸೊನ್ನೆ ಬರೆಯೋಕೆ ಪುಸ್ತಕ ಯಾಕೆ?" ಎಂದರೆ, "ಸೊನ್ನೆಯೂ ಲೆಕ್ಕವೇ" ಎನ್ನುತ್ತಿದ್ದರು.

ಈಗ 2011ಕ್ಕೆ ಬರುತ್ತೇನೆ. ಆ ಜೂನಿನಲ್ಲಿ ಮಗಳು, ಮದುವೆಯಾಗಿ ಆರು ವರ್ಷಕ್ಕೆ, ತನಗೆ ಎರಡು ತಿಂಗಳೆಂದು ಹೇಳಿದಳು. ಅತ್ತೆ ತುಪ್ಪದ ದೀಪ ಹಚ್ಚಿದರು. ಜುಲೈಯಲ್ಲಿ ಸ್ನಾನ ಮಾಡುವಾಗ ನನ್ನ ಎಡಗಡೆಯ ಎದೆಯಲ್ಲಿ ಕೈಗೆ ಒಂದು ಗಂಟು ಸಿಕ್ಕಿತು. ಆಗಸ್ಟಿನ ಮೊದಲ ವಾರ ಆಪರೇಷನ್ ಆಯಿತು. ಗಂಟು ಕೆಟ್ಟದ್ದೇ, ಆದರೆ ಬೇಗ ಸಿಕ್ಕಿದೆ ಎಂದರು. ಇಪ್ಪತ್ತೊಂದು ದಿನಕ್ಕೊಮ್ಮೆ ಆರು ಸಲ ಔಷಧಿ ಏರಿಸಬೇಕು, ಕೂದಲು ಹೋಗುತ್ತದೆ, ಆಮೇಲೆ ಬರುತ್ತದೆ ಎಂದರು.

ಮಗಳಿಗೆ ಹೇಳಬಾರದು ಎಂದು ನಾನು ಹಟ ಹಿಡಿದೆ. ಆರು ವರ್ಷ ಕಾದು ನಿಂತ ಗರ್ಭ. ಹೆದರಿ ಏನಾದರೂ ಆದರೆ? ನಮ್ಮವರು ಒಪ್ಪದೆ ಒಪ್ಪಿದರು. "ಅಮ್ಮನಿಗೆ ಬಿ.ಪಿ. ಜಾಸ್ತಿ ಆಗಿದೆ, ಅವಳಿಗೆ ಬೇಜಾರಾಗೋ ವಿಷಯ ಏನೂ ಹೇಳಬೇಡ" ಎಂದಷ್ಟೇ ಅವಳಿಗೆ ಹೇಳಿದರಂತೆ. ಹಳೆಯ ಫೋನಾಗಿದ್ದರೆ ಸುಳ್ಳು ಸುಲಭವಿತ್ತು. ಸ್ಕೈಪಿನಲ್ಲಿ ಮುಖ ಕಾಣುತ್ತದೆ. ಆದರೆ ಚಿತ್ರವನ್ನು ನಿಲ್ಲಿಸಲು ಅದರಲ್ಲೇ ಒಂದು ಗುಂಡಿಯಿದೆ. ನಾನು ಅದನ್ನು ಒತ್ತಿದೆ. "ಕ್ಯಾಮೆರಾ ಕೆಟ್ಟಿದೆ ಪುಟ್ಟಿ. ಈ ಮಳೇಲಿ ರಿಪೇರಿಯವನು ಬರ್ತಾನೇ ಇಲ್ಲ" ಎಂದೆ.

ಅವಳು, "ಹೌದಾ? ಹಾಗಿದ್ರೆ ನಾನೂ ಆಫ್ ಮಾಡ್ತೀನಮ್ಮ. ನೆಟ್ ಬಹಳ ನಿಧಾನ, ಚಿತ್ರ ಇಲ್ಲದಿದ್ರೆ ಮಾತಾದ್ರೂ ಸರಿ ಕೇಳತ್ತೆ" ಎಂದಳು. ಅದು ನಿಜವೇ. ದನಿಗೆ ಸಣ್ಣ ದಾರಿ ಸಾಕು, ಚಿತ್ರಕ್ಕೆ ಅಗಲವಾದ ದಾರಿ ಬೇಕು. ನಾನು ನಂಬಿದೆ. ನಂಬಿದೆ ಎನ್ನುವುದಕ್ಕಿಂತ, ಬಚಾವಾದೆ ಎಂದುಕೊಂಡೆ.

ಏಳು ಭಾನುವಾರ ಹೀಗೆ ಕತ್ತಲಲ್ಲಿ ಮಾತಾಡಿದೆವು. ಆ ಮಾತುಗಳು ಈಗಲೂ ನನಗೆ ಬಾಯಿಪಾಠ. ಭಾರ ಎತ್ತಬೇಡ, ಪರಂಗಿಹಣ್ಣು ಮುಟ್ಟಬೇಡ. ಗೌರಿ ಹಬ್ಬದಲ್ಲಿ ನಿನ್ನ ಬಾಗಿನ ತೆಗೆದಿಟ್ಟಿದ್ದೇನೆ. ಸೀಮಂತಕ್ಕೆ ಹಸಿರು ಸೀರೆಯೇ ಆಗಬೇಕೆಂದು ಅಜ್ಜಿ ಹೇಳುತ್ತಿದ್ದಾರೆ. ಒಂದು ವಾರ ಕೇಳಿದೆ, "ಮಗು ಒದೀತೇನೆ?" ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಲೈನಿನ ತೊಂದರೆ ಎಂದುಕೊಂಡೆ. ಆಮೇಲೆ "ಇನ್ನೂ ಇಲ್ಲಮ್ಮ" ಎಂದಳು.

ಎಂಟನೆಯ ಭಾನುವಾರ ನವರಾತ್ರಿಯ ನಡುವೆ ಬಂತು. ನನ್ನ ತಲೆಯ ಕೂದಲೆಲ್ಲ ಹೋಗಿ ಹತ್ತಿಬಟ್ಟೆ ಸುತ್ತಿಕೊಂಡಿದ್ದೆ. ಅತ್ತೆ ಎಂದಿನಂತೆ ಪಕ್ಕದಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದರು. ಕಣ್ಣಿಗೆ ಪೊರೆ ಬಂದು ಅವರಿಗೆ ಪರದೆ ಅಷ್ಟಾಗಿ ಕಾಣುತ್ತಲೂ ಇರಲಿಲ್ಲ. ನಾನು "ಕ್ಯಾಮೆರಾ ಇನ್ನೂ..." ಎಂದು ಶುರುಮಾಡಿದ್ದೇ ತಡ, ಬತ್ತಿ ಕೆಳಗಿಟ್ಟು ಗಟ್ಟಿಯಾಗಿ ಹೇಳಿಬಿಟ್ಟರು. "ಕೆಟ್ಟಿರೋದು ಕ್ಯಾಮೆರಾ ಅಲ್ಲ ಪುಟ್ಟಿ, ನಿಮ್ಮಮ್ಮನ ಆರೋಗ್ಯ. ಅವಳು ಕತ್ತಲಲ್ಲಿ ಕೂತಿದ್ದು ಯಾಕೆ ಅಂತ ನಂಗೆ ಗೊತ್ತು. ನೀನ್ಯಾಕೆ ಕೂತಿದೀಯ, ಅದು ಹೇಳು."

ಎಷ್ಟು ಹೊತ್ತಾಯಿತೋ ತಿಳಿಯದು. ಆಮೇಲೆ ಅವಳ ಕಡೆಯ ಚಿತ್ರ ಬಂತು. ಕೆನ್ನೆ ಇಳಿದಿತ್ತು, ಕಣ್ಣ ಸುತ್ತ ಕಪ್ಪು. ನಾನೂ ಗುಂಡಿ ಒತ್ತಿದೆ. ಅವಳು ನನ್ನ ತಲೆಯ ಬಟ್ಟೆ ನೋಡಿದಳು, ನಾನು ಅವಳ ಮುಖ ನೋಡಿದೆ. ಆಗಸ್ಟಿನಲ್ಲೇ, ನಾಲ್ಕನೆಯ ತಿಂಗಳಲ್ಲಿ, ಎಲ್ಲ ಮುಗಿದುಹೋಗಿತ್ತು. ಅಮ್ಮನಿಗೆ ಬಿ.ಪಿ. ಎಂದು ಅವಳು ಹೇಳಿರಲಿಲ್ಲ. ಇಲ್ಲದ ಮಗುವಿಗಾಗಿ ನಾನು ನನ್ನ ಕಾಯಿಲೆ ಮುಚ್ಚಿಟ್ಟಿದ್ದೆ. ಇಲ್ಲದ ಬಿ.ಪಿ.ಗಾಗಿ ಅವಳು ತನ್ನ ದುಃಖ ನುಂಗಿದ್ದಳು. ಅದೂ ಸಾಲದೆಂದು ವಾರವಾರವೂ ನಾನು ಅವಳನ್ನು 'ಮಗು ಒದೀತಾ' ಎಂದು ಕೇಳುತ್ತಿದ್ದೆ. ಇದೊಂದಕ್ಕೆ ನನಗೆ ಇವತ್ತಿಗೂ ಸಮಾಧಾನವಿಲ್ಲ.

ಆಗ ಅತ್ತೆ ಕುರ್ಚಿ ಎಳೆದುಕೊಂಡು ಕ್ಯಾಮೆರಾದ ಎದುರಿಗೇ ಬಂದರು. "ನಂಗೂ ಎರಡು ಹೋಗಿತ್ತು ಕಣೇ, ನಿಮ್ಮಪ್ಪ ಹುಟ್ಟೋ ಮುಂಚೆ. ಒಂದು ಐದು ತಿಂಗಳಿಗೆ. ಹಿತ್ತಲ ಹಲಸಿನ ಮರದ ಬುಡದಲ್ಲಿ ಇಟ್ರು. ನಾನು ಮೂರನೇ ದಿನ ಭತ್ತ ಕುಟ್ಟಿದೆ. ಆಗ ಅಳೋಕೆ ಯಾರೂ ಬಿಡ್ಲಿಲ್ಲ. ನೀನು ಅಳು" ಎಂದರು.

ಮೂವತ್ತೆರಡು ವರ್ಷ ಒಂದೇ ಸೂರಿನಡಿ ಅವರ ಜೊತೆ ಬಾಳಿದವಳು ನಾನು. ಆ ಹಲಸಿನ ಮರದ ಕಾಯಿ ಕೊಯ್ದು ಹಪ್ಪಳ ಮಾಡಿದವಳು. ಈ ಮಾತು ನನಗೆ ಗೊತ್ತಿರಲಿಲ್ಲ. ನಮ್ಮವರಿಗೂ ಗೊತ್ತಿರಲಿಲ್ಲ. ದಿನಾ ಮುಖ ನೋಡಿಕೊಂಡೇ ಇದ್ದೆವಲ್ಲ, ಅಲ್ಲಿ ಯಾವ ಗುಂಡಿ ಒತ್ತಿಕೊಂಡಿತ್ತು? ಅಂದು ಮೂವರು ಹೆಂಗಸರೂ ಎರಡು ದೇಶಗಳಲ್ಲಿ ಕೂತು ಅತ್ತೆವು. ಮರುವಾರ ಮಗಳು ಹೊರಟುಬಂದಳು. ನನ್ನ ನಾಲ್ಕನೆಯ ಔಷಧಿಗೆ ನನ್ನ ಪಕ್ಕದಲ್ಲಿ ಅವಳಿದ್ದಳು.

ಮೊಮ್ಮಗಳು ಹುಟ್ಟಿದ್ದು 2013ರಲ್ಲಿ. ಬಾಣಂತನಕ್ಕೆ ನಾನು ನ್ಯೂಜೆರ್ಸಿಗೆ ಹೋದೆ. ಅತ್ತೆ ಸಾಗರದಿಂದಲೇ ಸ್ಕೈಪಿನಲ್ಲಿ ಕೂತು, ಮಗುವನ್ನು ಕಾಲ ಮೇಲೆ ಹೇಗೆ ಮಲಗಿಸಿಕೊಳ್ಳಬೇಕು, ನೀರು ಎಷ್ಟು ಬಿಸಿ ಇರಬೇಕು ಎಂದು ನನಗೆ ಆಜ್ಞೆ ಮಾಡುತ್ತಿದ್ದರು. ಅವರು ತೀರಿಕೊಂಡದ್ದು 2015ರಲ್ಲಿ.

ಸ್ಕೈಪಿನ ಕಥೆ ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. 2005ರಲ್ಲಿ ಇಬೇ ಎಂಬ ಕಂಪನಿ ಅದನ್ನು 260 ಕೋಟಿ ಡಾಲರಿಗೆ ಕೊಂಡಿತ್ತು. ನಮ್ಮ ಮನೆಯಲ್ಲಿ ಇದೆಲ್ಲ ನಡೆದ 2011ರಲ್ಲೇ ಮೈಕ್ರೋಸಾಫ್ಟ್ 850 ಕೋಟಿ ಡಾಲರು ಕೊಟ್ಟು ಕೊಂಡಿತು. ನೆರೆಯವರ ಕಂಪ್ಯೂಟರುಗಳ ಪಿ.ಪಿ. ಪದ್ಧತಿ ಹೋಗಿ ಕಂಪನಿಯ ಸ್ವಂತ ಯಂತ್ರಗಳು ಬಂದವು. ಆಮೇಲೆ ಆಫೀಸಿನವರಿಗೆ ಬೇಕಾದದ್ದು ಬರೀ ಫೋನಲ್ಲ ಎಂದಾಯಿತು. ಮಾತು, ಚೀಟಿ, ಸಭೆ, ಕಡತ, ಯಾರು ಸೀಟಿನಲ್ಲಿದ್ದಾರೆ ಯಾರಿಲ್ಲ ಎಂಬ ಗುರುತು, ಎಲ್ಲವೂ ಒಂದೇ ಕಡೆ ಇರಬೇಕು. ನಮ್ಮ ಒಗ್ಗರಣೆ ಡಬ್ಬಿಯ ಹಾಗೆ, ಒಂದು ಮುಚ್ಚಳ ತೆಗೆದರೆ ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲ ಕೈಗೆ ಸಿಗಬೇಕು. ಅದಕ್ಕಾಗಿ 2015ರಲ್ಲಿ ಕಚೇರಿಗಳಿಗೆಂದೇ ಬೇರೆ ಸ್ಕೈಪ್, 2017ರಲ್ಲಿ ಟೀಮ್ಸ್ ಬಂದವು. ಅಷ್ಟರಲ್ಲಿ ಮನೆಮಂದಿಯೆಲ್ಲ ಮೊಬೈಲಿನ ವಾಟ್ಸಾಪಿಗೆ ಹೋಗಿಯಾಗಿತ್ತು. 2025ರ ಫೆಬ್ರುವರಿ ಕೊನೆಯಲ್ಲಿ, ಮೇ ತಿಂಗಳಲ್ಲಿ ಸ್ಕೈಪ್ ಮುಚ್ಚುತ್ತೇವೆ, ಬೇಕಾದವರು ಟೀಮ್ಸಿಗೆ ಬನ್ನಿ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತು.

ಮೇ 4, ಭಾನುವಾರ. ಮಗಳೇ ಹೇಳಿದಳು, "ಅಮ್ಮ, ಇವತ್ತು ಒಂದ್ಸಲ ಹಳೇದರಲ್ಲೇ ಮಾತಾಡೋಣ." ಕಂಪ್ಯೂಟರನ್ನು ಮತ್ತೆ ಅಡಿಗೆಮನೆಯ ಬಾಗಿಲಿಗೆ ತಂದೆವು. ವಿಶೇಷವೇನೂ ಮಾತಾಡಲಿಲ್ಲ. ನಾನು ಪತ್ರೊಡೆಗೆ ಎಲೆ ಸವರುತ್ತಿದ್ದೆ, ಮೊಮ್ಮಗಳು ಆಚೆ ಏನೋ ತಿನ್ನುತ್ತಿದ್ದಳು.

ಮುಗಿದ ಮೇಲೆ ನಮ್ಮವರು ನೀಲಿ ಪುಸ್ತಕ ತೆಗೆದರು. ಆಗಲೇ ನಾನು ಹಿಂದಿನ ಪುಟಗಳನ್ನು ತಿರುವಿದ್ದು. 2011ರ ಆಗಸ್ಟ್ 14ರಿಂದ ಸೆಪ್ಟೆಂಬರ್ 25ರವರೆಗೆ ಏಳು ಸಾಲುಗಳ ಷರಾ ಕಾಲಂನಲ್ಲಿ ಸಣ್ಣ ಅಕ್ಷರದಲ್ಲಿ 'ಚಿತ್ರ ಇಲ್ಲ, ಎರಡೂ ಕಡೆ' ಎಂದು ಬರೆದಿದ್ದರು. ಎರಡೂ ಕಡೆ! ಅವರು ಗಮನಿಸಿದ್ದರು. "ನೋಡಿದ್ದವರು ಕೇಳಬಾರದಿತ್ತಾ?" ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ಬರೆದಿದ್ದೆ. ಕೇಳೋಕೆ ಧೈರ್ಯ ಸಾಲಲಿಲ್ಲ" ಎಂದರು.

ಕಂಪನಿಗಳು ಬರುತ್ತವೆ, ಮಾರಾಟವಾಗುತ್ತವೆ, ಮುಚ್ಚುತ್ತವೆ. ಮಾತಿಗೆ ದುಡ್ಡು ಬೇಡವೆಂಬಲ್ಲಿಗೆ ತಂದು ಮುಟ್ಟಿಸಿದ್ದು ಅವರ ಉಪಕಾರ. ಅದರ ಮುಂದಿನದು ನಮಗೆ ಸೇರಿದ್ದು. ನಿಮ್ಮಲ್ಲೂ ಎಷ್ಟೋ ಜನರ ಮಕ್ಕಳು ದೂರದಲ್ಲಿದ್ದಾರೆ. ಎರಡು ವಾರ ಮೇಲಿಂದ ಮೇಲೆ ಯಾರಾದರೂ ಕ್ಯಾಮೆರಾ ಕೆಟ್ಟಿದೆ, ನೆಟ್ ನಿಧಾನ ಎಂದರೆ ಸುಮ್ಮನೆ ಒಪ್ಪಿಕೊಳ್ಳಬೇಡಿ. ನಮ್ಮ ಅತ್ತೆಯ ಹಾಗೆ ಬತ್ತಿ ಕೆಳಗಿಟ್ಟು ಕೇಳಿ. ಪಕ್ಕದ ಕೋಣೆಯಲ್ಲಿ ಇರುವವರನ್ನೂ ಒಮ್ಮೆ ಕೇಳಿ.

ಈಗ ಟೀಮ್ಸಿನಲ್ಲಿ ಮಾತಾಡುತ್ತೇವೆ. ನಮ್ಮವರು ಹೊಸ ಪುಟದಲ್ಲಿ ಮತ್ತೆ ನಾಲ್ಕು ಕಾಲಂ ಎಳೆದಿದ್ದಾರೆ. ಹಣದ ಕಾಲಂನಲ್ಲಿ ಎಂದಿನಂತೆ ಸೊನ್ನೆ.